ಆರು ವರ್ಷ, ಆರು ಕಪ್: ಬೆಂಗಳೂರು ಎಫ್‌ಸಿಯ ಸುವರ್ಣಯುಗ

"ಈ ಸಲ ಕಪ್ ನಮ್ದೇ" ಅನ್ನೋ ಮಾತು ಕೇಳ್ತಾ ಬೆಳೆದವರು ನಾವೆಲ್ಲ. ಆರ್‌ಸಿಬಿ ಪುರುಷರ ತಂಡ ಆ ಮಾತನ್ನು ನಿಜ ಮಾಡೋಕೆ 18 ಸೀಸನ್ ಬೇಕಾಯ್ತು, 2025ರ ಜೂನ್ ಬರಬೇಕಾಯ್ತು. ಆದರೆ ಊರೆಲ್ಲ ಚಿನ್ನಸ್ವಾಮಿ ಕ್ರೀಡಾಂಗಣದ ಕಡೆ ಮುಖ ಮಾಡಿ ಕಾಯ್ತಿದ್ದಾಗ, ಕಬ್ಬನ್ ಪಾರ್ಕಿನ ಇನ್ನೊಂದು ಮಗ್ಗುಲಲ್ಲಿ ಬೇರೆ ಒಂದು ತಂಡ ವರ್ಷಕ್ಕೊಂದು ಕಪ್ ತರ್ತಾ ಇತ್ತು. 2014, 2015, 2016, 2017, 2018, 2019. ಒಂದು ವರ್ಷವೂ ತಪ್ಪಿಲ್ಲ. ಅದು ಕಂಠೀರವ ಕ್ರೀಡಾಂಗಣದಲ್ಲಿ ಆಡೋ ನಮ್ಮ ಫುಟ್‌ಬಾಲ್ ತಂಡ, ಬೆಂಗಳೂರು ಎಫ್‌ಸಿ.

ಈ ಕಥೆ ಶುರುವಾದಾಗ ನಾವು, ಅಂದ್ರೆ ಈಗ ಸೆಕೆಂಡ್ ಇಯರ್‌ನಲ್ಲಿ ಇರೋರು, ಎರಡನೇ ಮೂರನೇ ಕ್ಲಾಸಲ್ಲಿದ್ವಿ. ಅದು ಉತ್ತುಂಗಕ್ಕೆ ಹೋದಾಗ ಹೈಸ್ಕೂಲು. ಹಾಗಾಗಿ ನಮ್ಮಲ್ಲಿ ಎಷ್ಟೋ ಜನಕ್ಕೆ ಸುನಿಲ್ ಚೆಟ್ರಿ ಅನ್ನೋ ಹೆಸರು ಗೊತ್ತು, ಆದರೆ ಆ ತಂಡ ಏನು ಮಾಡ್ತು ಅಂತ ಗೊತ್ತಿರಲ್ಲ. ಅದಕ್ಕೇ ಈ ಲೇಖನ. ಆರು ಕಪ್ಪುಗಳ ಪಟ್ಟಿ ಕೊಟ್ಟು ಮುಗಿಸಬಹುದಿತ್ತು. ಆದರೆ ಹಳೇ ಮ್ಯಾಚುಗಳನ್ನು ಸಾಲಾಗಿಟ್ಟು ನೋಡಿದ್ರೆ ಒಂದು ವಿಷಯ ಎದ್ದು ಕಾಣುತ್ತೆ: ಈ ತಂಡದ ಮುಖ್ಯ ಗೆಲುವುಗಳ ಹಿಂದೆ, ಸ್ವಲ್ಪ ದಿನ ಮುಂಚೆ, ಒಂದೊಂದು ಕೆಟ್ಟ ಸೋಲು ಇದೆ. ಸೋತ ಮೇಲೆ ಅವರು ಏನು ಮಾಡ್ತಿದ್ರು ಅನ್ನೋದ್ರಲ್ಲೇ ಸುವರ್ಣಯುಗದ ಗುಟ್ಟು ಇದೆ ಅಂತ ನಮಗನಿಸುತ್ತೆ.

ಫ್ಯಾಕ್ಟರಿ ಟೀಮುಗಳ ಊರು

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಬೆಂಗಳೂರಿಗೆ ಫುಟ್‌ಬಾಲ್ ಬಂದಿದ್ದು 2013ರಲ್ಲಲ್ಲ. 1937 ಮತ್ತು 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಾಗ, ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದಿತ್ತು, ಕೊನೆಯದು 1968-69ರಲ್ಲಿ. ಹಲಸೂರಿನ ಗೌತಮಪುರಕ್ಕೆ ಹೋದ್ರೆ ಇವತ್ತಿಗೂ ಪೆಲೆಯ ಪ್ರತಿಮೆ ನೋಡಬಹುದು.

ಸ್ವಾತಂತ್ರ್ಯ ಬಂದ ಮೇಲೆ ಈ ಆಟವನ್ನು ಸಾಕಿದ್ದು ಫ್ಯಾಕ್ಟರಿಗಳು. ವೈಟ್‌ಫೀಲ್ಡಿಗೆ ಹೋಗೋ ದಾರಿಯಲ್ಲಿ ಕೆ.ಆರ್. ಪುರಕ್ಕೆ ಮುಂಚೆ ಸಿಗೋ ದೂರವಾಣಿನಗರ ಇದೆಯಲ್ಲ, ಅದು 1948ರಲ್ಲಿ ಶುರುವಾದ ಐಟಿಐ, ಅಂದ್ರೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್‌ನ ಊರು. ಐಟಿಐಗೆ ತನ್ನದೇ ಫುಟ್‌ಬಾಲ್ ಟೀಮಿತ್ತು, ಎಚ್‌ಎಎಲ್‌ಗೂ ಇತ್ತು. ಆಟ ಚೆನ್ನಾಗಿ ಆಡೋ ಹುಡುಗನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗ್ತಿತ್ತು. ಮಂಡಿ ಹೋಗಿ ಆಟ ನಿಂತರೂ ಕೆಲಸ ಹೋಗ್ತಿರಲಿಲ್ಲ, ಸಂಬಳ, ಪಿಎಫ್ ಎಲ್ಲ ಮುಂದುವರೀತಿತ್ತು. 1990ರ ದಶಕದ ಕೊನೆಯಲ್ಲಿ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಐಟಿಐ ಆಡಿತು, ಆಮೇಲೆ ಎಚ್‌ಎಎಲ್ ಆಡಿತು. ಆದರೆ ಫೋನಿನ ಜಗತ್ತು ಬದಲಾಯ್ತು, ಫ್ಯಾಕ್ಟರಿಗಳ ದುಡ್ಡೂ ಕಮ್ಮಿಯಾಯ್ತು. 2012ರಲ್ಲಿ ಎಚ್‌ಎಎಲ್ ಐ-ಲೀಗಿನಿಂದ ಕೆಳಗಿಳಿದಾಗ, ದೇಶದ ಟಾಪ್ ಲೀಗಿನಲ್ಲಿ ಬೆಂಗಳೂರಿನ ಒಂದು ತಂಡವೂ ಉಳಿದಿರಲಿಲ್ಲ.

ಅದೇ ಹೊತ್ತಿಗೆ ಭಾರತೀಯ ಫುಟ್‌ಬಾಲ್ ಫೆಡರೇಷನ್ ಕಂಪನಿಗಳಿಗೆ ನೇರವಾಗಿ ಐ-ಲೀಗಿಗೆ ಬರೋ ಅವಕಾಶ ಕೊಟ್ಟಿತು. ಜೆಎಸ್‌ಡಬ್ಲ್ಯು ಗ್ರೂಪ್ ಬೆಂಗಳೂರಿಗೆ ಬಿಡ್ ಹಾಕಿ ಗೆದ್ದಿತು. 2013ರ ಜುಲೈನಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಫ್ಯಾಕ್ಟರಿ ಟೀಮಿಗೂ ಇದಕ್ಕೂ ಇರೋ ವ್ಯತ್ಯಾಸ ಏನಂದ್ರೆ, ಇಲ್ಲಿ ಆಟವೇ ಕೆಲಸ. ಆಟಗಾರನಿಗೆ ಕಾಂಟ್ರಾಕ್ಟ್ ಇರುತ್ತೆ, ಅದು ಮುಗಿದ್ರೆ ಮುಗೀತು. ಈ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ, ಕೊನೆಗೆ ಮತ್ತೆ ಬೇಕಾಗುತ್ತೆ.

ಮೊದಲ ವರ್ಷವೇ ಚಾಂಪಿಯನ್

ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮ್ಯಾಂಚೆಸ್ಟರ್ ಯುನೈಟೆಡ್‌ನ ಯೂತ್ ತಂಡದಲ್ಲಿ ಬೆಳೆದವರು. ಅವರ ಕೈಗೆ ಸಿಕ್ಕಿದ್ದು ಬೇರೆ ಕ್ಲಬ್‌ಗಳಿಂದ ಬಂದವರು ಮತ್ತು ಇನ್ನೂ ಯಾರೂ ಗುರುತಿಸದ ಹುಡುಗರು. ದೊಡ್ಡ ಹೆಸರು ಅಂದ್ರೆ ಒಂದೇ, ಭಾರತ ತಂಡದ ನಾಯಕ ಸುನಿಲ್ ಚೆಟ್ರಿ. ಅವರ ಜೊತೆ ಡಿಫೆನ್ಸಿನಲ್ಲಿ ಇಂಗ್ಲೆಂಡಿನ ಜಾನ್ ಜಾನ್ಸನ್ ಮತ್ತು ಕೀನ್ಯಾದ ಕರ್ಟಿಸ್ ಒಸಾನೊ, ಕೇರಳದ ರಿನೊ ಆಂಟೊ, ಮುಂದೆ ಆಸ್ಟ್ರೇಲಿಯಾದ ಷಾನ್ ರೂನಿ ಮತ್ತು ರಾಬಿನ್ ಸಿಂಗ್, ಮಿಡ್‌ಫೀಲ್ಡಲ್ಲಿ ಮಣಿಪುರದ ಥೋಯಿ ಸಿಂಗ್ ಮತ್ತು ನಮ್ಮ ಬೆಂಗಳೂರಿನವರೇ ಆದ ಶಂಕರ್ ಸಂಪಂಗಿರಾಜ್.

ಮೊದಲ ಮ್ಯಾಚು 2013ರ ಸೆಪ್ಟೆಂಬರ್ 22, ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಎದುರಾಳಿ ಕೋಲ್ಕತ್ತದ ಮೋಹನ್ ಬಾಗಾನ್. 1-1 ಡ್ರಾ. ಕ್ಲಬ್ಬಿನ ಮೊದಲ ಗೋಲು ರೂನಿಯದು. ನೂರು ವರ್ಷ ದಾಟಿದ ಕ್ಲಬ್ಬಿನ ಎದುರು ಎರಡು ತಿಂಗಳ ಕೂಸು ಡ್ರಾ ಮಾಡಿಕೊಂಡಿದ್ದೇ ದೊಡ್ಡದು ಅಂತ ಜನ ಅಂದುಕೊಂಡ್ರು.

ಇಲ್ಲಿ ಲೀಗ್ ಅಂದ್ರೆ ಏನು ಅಂತ ಒಂದು ಮಾತು, ಐಪಿಎಲ್ ಮಾತ್ರ ನೋಡೋರಿಗಾಗಿ. ಐ-ಲೀಗಿನಲ್ಲಿ ಪ್ಲೇಆಫ್ ಇರಲಿಲ್ಲ. ಪ್ರತಿ ತಂಡದ ಜೊತೆ ಮನೆಯಲ್ಲೊಂದು, ಅವರೂರಲ್ಲೊಂದು ಮ್ಯಾಚು. ಗೆದ್ರೆ 3 ಪಾಯಿಂಟ್, ಡ್ರಾಗೆ 1. ತಿಂಗಳುಗಟ್ಟಲೆ ಆಡಿದ ಮೇಲೆ ಯಾರ ಪಾಯಿಂಟ್ ಜಾಸ್ತಿಯೋ ಅವರೇ ಚಾಂಪಿಯನ್. ಒಂದು ರಾತ್ರಿ ಅದ್ಭುತವಾಗಿ ಆಡಿ ಕಪ್ ಎತ್ತೋಕಾಗಲ್ಲ. ಸೆಮಿಸ್ಟರ್ ಪೂರ್ತಿ ಅಟೆಂಡೆನ್ಸ್ ಇಟ್ಟವರಿಗೆ ಮಾತ್ರ ಸಿಗೋ ಕಪ್ ಇದು.

ವೆಸ್ಟ್‌ವುಡ್ ಒತ್ತು ಕೊಟ್ಟಿದ್ದು ಇಂಥ ಲೀಗಿಗೆ ಬೇಕಾದ ವಿಷಯಗಳಿಗೇ. ಫಿಟ್‌ನೆಸ್, ಊಟದ ಶಿಸ್ತು, ಎದುರಾಳಿಯ ವಿಡಿಯೋ ನೋಡಿ ತಯಾರಾಗೋದು. ಫ್ರೀಕಿಕ್, ಕಾರ್ನರ್‌ಗಳ ಅಭ್ಯಾಸ. 2014ರ ಏಪ್ರಿಲ್ 21ಕ್ಕೆ ಗೋವಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಇನ್ನೂ ಒಂದು ಮ್ಯಾಚು ಬಾಕಿ ಇರುವಾಗಲೇ ಬೆಂಗಳೂರು ಚಾಂಪಿಯನ್ ಆಯ್ತು. ಚೆಟ್ರಿ ಆ ಸೀಸನ್ನಿನಲ್ಲಿ 14 ಗೋಲು ಹೊಡೆದಿದ್ದರು, ಭಾರತೀಯರಲ್ಲಿ ಅದೇ ಅತಿ ಹೆಚ್ಚು. ಆಗ ಕ್ಲಬ್ಬಿಗೆ ಇನ್ನೂ ಒಂದು ವರ್ಷವೂ ತುಂಬಿರಲಿಲ್ಲ.

87ನೇ ನಿಮಿಷ

2015ರ ಜನವರಿಯಲ್ಲಿ ಫೆಡರೇಷನ್ ಕಪ್ ಬಂತು. ಫೈನಲ್ಲಿನಲ್ಲಿ ಮತ್ತೆ ಡೆಂಪೊ, ಮತ್ತೆ ಗೋವಾದಲ್ಲೇ, 2-1 ಗೆಲುವು. ಎರಡನೇ ಕಪ್. ಅಷ್ಟರಲ್ಲಿ ತಂಡ ಅಶೋಕನಗರದಿಂದ ಕಂಠೀರವಕ್ಕೆ ಮನೆ ಬದಲಾಯಿಸಿತ್ತು. ಎಲ್ಲ ಸುಸೂತ್ರ ಅನ್ನೋ ಹೊತ್ತಿಗೆ ಮೇ 31 ಬಂತು.

ಐ-ಲೀಗಿನ ಕೊನೆಯ ದಿನ. ಕಂಠೀರವದಲ್ಲಿ ಬೆಂಗಳೂರು ಮತ್ತು ಮೋಹನ್ ಬಾಗಾನ್. ಬಾಗಾನ್ ಎರಡು ಪಾಯಿಂಟ್ ಮುಂದಿತ್ತು. ಅವರಿಗೆ ಡ್ರಾ ಸಾಕು, ನಮಗೆ ಗೆಲ್ಲಲೇಬೇಕು. ಸಿನಿಮಾದವರು ಬರೆದಿದ್ರೆ "ಇದು ಅತಿಯಾಯ್ತು" ಅಂತೀವಿ, ಅಂಥ ಮ್ಯಾಚು. ಫಸ್ಟ್ ಹಾಫಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು, 1-0. 60 ನಿಮಿಷ, 70, 80. ಇನ್ನೇನು ಸತತ ಎರಡನೇ ಲೀಗ್ ನಮ್ಮದೇ. 87ನೇ ನಿಮಿಷದಲ್ಲಿ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಸೋನಿ ನಾರ್ಡೆ ಚೆಂಡು ಹಾಕಿದರು, ನೈಜೀರಿಯಾದ ಡಿಫೆಂಡರ್ ಬೆಲ್ಲೊ ರಜಾಕ್ ತಲೆ ಕೊಟ್ಟರು. 1-1. ಕಪ್ ಕೋಲ್ಕತ್ತಕ್ಕೆ ಹೋಯ್ತು.

ಈಗ ಕಾರ್ನರ್ ಬಗ್ಗೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಇದು ಮತ್ತೆ ಮತ್ತೆ ಬರುತ್ತೆ. ಆಟ ಓಡ್ತಿರುವಾಗ 22 ಜನರೂ ಓಡ್ತಿರ್ತಾರೆ, ಯಾರು ಎಲ್ಲಿರ್ತಾರೆ ಅಂತ ಮೊದಲೇ ಹೇಳೋಕಾಗಲ್ಲ. ಕಾರ್ನರ್‌ನಲ್ಲಿ ಹಾಗಲ್ಲ. ಚೆಂಡು ಮೂಲೆಯಲ್ಲಿ ನಿಂತಿರುತ್ತೆ, ಎಲ್ಲರಿಗೂ ತಮ್ಮ ಜಾಗಕ್ಕೆ ಹೋಗೋಕೆ ಟೈಮಿರುತ್ತೆ. ಲ್ಯಾಬ್‌ನಲ್ಲಿ ಎಕ್ಸ್‌ಪೆರಿಮೆಂಟ್ ಸೆಟಪ್ ಮಾಡ್ತೀವಲ್ಲ, ಹಾಗೆ. ಯಾರು ಮೊದಲ ಕಂಬದ ಕಡೆ ಓಡಬೇಕು, ಯಾರು ಎದುರಾಳಿಯ ದಾರಿಗೆ ಅಡ್ಡ ನಿಲ್ಲಬೇಕು, ಯಾರು ಹಿಂದಿನಿಂದ ಬಂದು ಹಾರಬೇಕು, ಎಲ್ಲವನ್ನೂ ಪ್ರ್ಯಾಕ್ಟೀಸಿನಲ್ಲಿ ಬರೆದು ಕಲಿಸಬಹುದು. ಕಾಪಾಡೋ ತಂಡಕ್ಕೂ ಎರಡು ದಾರಿ: ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬರು ಹಿಡ್ಕೊಳ್ಳೋದು, ಇಲ್ಲಾ ಗೋಲಿನ ಮುಂದಿನ ಜಾಗವನ್ನು ಭಾಗ ಮಾಡಿ ಒಬ್ಬೊಬ್ಬರು ಒಂದೊಂದು ಭಾಗ ಕಾಯೋದು. ಎರಡರಲ್ಲೂ ಅರ್ಧ ಸೆಕೆಂಡು ಯಾರೋ ಒಬ್ಬರು ತಡ ಮಾಡಿದ್ರೆ ಮುಗೀತು. ಪ್ರತಿಭೆಗಿಂತ ತಯಾರಿ ಜಾಸ್ತಿ ಕೆಲಸ ಮಾಡೋ ಜಾಗ ಇದು.

ಅಂಥ ಸೋಲಾದ ಮೇಲೆ ಸಾಮಾನ್ಯವಾಗಿ ಕ್ಲಬ್‌ಗಳು ಏನು ಮಾಡ್ತವೆ? ಕೋಚನ್ನು ಕಳಿಸ್ತವೆ, ಅರ್ಧ ತಂಡ ಬದಲಾಯಿಸ್ತವೆ. ಬೆಂಗಳೂರು ಹಾಗೆ ಮಾಡಲಿಲ್ಲ. ಅದೇ ಕೋಚ್, ಅದೇ ನಾಯಕ, ಗೋಲು ಹೊಡೆದ ಅದೇ ಜಾನ್ಸನ್. 2016ರ ಏಪ್ರಿಲ್ 17ಕ್ಕೆ ಅದೇ ಕಂಠೀರವದಲ್ಲಿ ಸಾಲ್ಗಾಂವ್ಕರ್ ತಂಡವನ್ನು 2-0ಯಿಂದ ಸೋಲಿಸಿ ಲೀಗನ್ನು ವಾಪಸ್ ತಗೊಂಡ್ರು. ಕೈ ತಪ್ಪಿ ಹೋಗಿ ಹನ್ನೊಂದು ತಿಂಗಳೂ ಆಗಿರಲಿಲ್ಲ.

ಈ ಹಂತದಲ್ಲಿ ನಮ್ಮ ಕಾಲೇಜಿನವರು ಗಮನಿಸಬೇಕಾದ ಒಂದು ಹೆಸರು ಯುಜೆನ್ಸನ್ ಲಿಂಗ್ಡೊ. ಮೇಘಾಲಯದ ಮಿಡ್‌ಫೀಲ್ಡರ್, 2014ರಲ್ಲಿ ತಂಡಕ್ಕೆ ಬಂದರು, 2015ರಲ್ಲಿ ದೇಶದ ವರ್ಷದ ಆಟಗಾರ ಪ್ರಶಸ್ತಿ ಪಡೆದರು. ಅವರು ಇಂಜಿನಿಯರಿಂಗ್ ಓದಿದವರು! ಮನೆಯಲ್ಲಿ "ಆಟ ಆಡಿದ್ರೆ ಡಿಗ್ರಿ ಹೋಗುತ್ತೆ" ಅಂದ್ರೆ ತೋರಿಸೋಕೆ ಒಂದು ಉದಾಹರಣೆ ಇರಲಿ.

ದೋಹಾದವರೆಗೆ

2016ರಲ್ಲಿ ವೆಸ್ಟ್‌ವುಡ್ ಹೋದರು, ಸ್ಪೇನಿನ ಆಲ್ಬರ್ಟ್ ರೋಕಾ ಬಂದರು. ಫ್ರಾಂಕ್ ರೈಕಾರ್ಡ್ ಬಾರ್ಸಿಲೋನಾದ ಕೋಚ್ ಆಗಿದ್ದಾಗ ಅವರ ಸಹಾಯಕರಾಗಿದ್ದವರು. ಇಂಗ್ಲಿಷ್ ಶೈಲಿಯ ಗಟ್ಟಿ, ನೇರ ಆಟದಿಂದ ಪಾಸ್ ಮಾಡುತ್ತಾ ಕಟ್ಟೋ ಆಟಕ್ಕೆ ತಂಡ ತಿರುಗಿತು. ಹೊಸ ಕೋಚಿಗೆ ಬಂದ ಕೂಡಲೇ ಸಿಕ್ಕಿದ್ದು ಏಷ್ಯಾದ ಪರೀಕ್ಷೆ.

ಎಎಫ್‌ಸಿ ಕಪ್ ಅಂದ್ರೆ ಆಗ ಏಷ್ಯಾದ ಕ್ಲಬ್‌ಗಳ ಎರಡನೇ ಹಂತದ ಟೂರ್ನಿ. ಬೆಂಗಳೂರು ಹಾಂಗ್‌ಕಾಂಗ್‌ನ ಕಿಚೀ ತಂಡವನ್ನು ದಾಟಿತ್ತು, ಆಮೇಲೆ ಸಿಂಗಪುರದ ಟ್ಯಾಂಪಿನ್ಸ್ ರೋವರ್ಸ್ ತಂಡವನ್ನೂ ದಾಟಿತು. ಸೆಮಿಫೈನಲ್‌ನಲ್ಲಿ ಸಿಕ್ಕಿದ್ದು ಹಿಂದಿನ ವರ್ಷದ ಚಾಂಪಿಯನ್, ಮಲೇಷ್ಯಾದ ಜೋಹೊರ್ ದಾರುಲ್ ತಾಜಿಮ್. ಅವರೂರಲ್ಲಿ 1-1. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಮ್ಯಾಚು. ಮೊದಲ ಗೋಲು ಜೋಹೊರ್‌ನವರದ್ದೇ. ಆಮೇಲೆ ಚೆಟ್ರಿ ಒಂದು ಹೊಡೆದರು, ಇನ್ನೊಂದನ್ನು ದೂರದಿಂದ ಬಾರಿಸಿದರು, ಡಿಫೆಂಡರ್ ಹುವಾನನ್ ಮೂರನೆಯದು. 3-1. ಭಾರತದ ಯಾವ ಕ್ಲಬ್ಬೂ ಅದುವರೆಗೆ ಎಎಫ್‌ಸಿ ಕಪ್ ಫೈನಲ್ ಮುಟ್ಟಿರಲಿಲ್ಲ. ಮೂರು ವರ್ಷದ ಬೆಂಗಳೂರು ಮುಟ್ಟಿತು. ಆ ರಾತ್ರಿಯ ಹೈಲೈಟ್ಸ್ ಯೂಟ್ಯೂಬಲ್ಲಿ ಸಿಗುತ್ತೆ, ಇಂಟರ್ನಲ್ಸ್ ಮುಗಿದ ಮೇಲೆ ನೋಡಿ.

ಫೈನಲ್ 2016ರ ನವೆಂಬರ್ 5, ಕತಾರ್‌ನ ದೋಹಾ. ಎದುರಾಳಿ ಇರಾಕಿನ ವಾಯುಪಡೆಯ ಕ್ಲಬ್, ಅಲ್ ಕುವಾ ಅಲ್ ಜವಿಯಾ. ಮುಖ್ಯ ಗೋಲ್‌ಕೀಪರ್ ಅಮರಿಂದರ್ ಸಿಂಗ್ ಸಸ್ಪೆಂಡ್ ಆಗಿದ್ರು, ಮಿಜೋರಾಂನ ಲಾಲ್ತುವಮಾವಿಯ ರಾಲ್ಟೆ ಕೀಪಿಂಗ್ ಮಾಡಿದರು. ಎರಡನೇ ಹಾಫಲ್ಲಿ ಹಮ್ಮಾದಿ ಅಹ್ಮದ್ ಹೊಡೆದ ಒಂದೇ ಗೋಲಿನಿಂದ ಇರಾಕಿನವರು ಗೆದ್ದರು, 1-0. ಸೋತರೂ ಆ ರಾತ್ರಿ ಈ ತಂಡದ ಹೆಸರು ಏಷ್ಯಾದಲ್ಲಿ ಉಳೀತು.

ಅದಾದ ಮೇಲೂ ಅದೇ ಕಥೆ. ಆರು ತಿಂಗಳಾದ ಮೇಲೆ, 2017ರ ಮೇ 21ಕ್ಕೆ ಕಟಕ್‌ನಲ್ಲಿ ಫೆಡರೇಷನ್ ಕಪ್ ಫೈನಲ್. ಎದುರಾಳಿ ಯಾರು ಗೊತ್ತಾ? ಮೋಹನ್ ಬಾಗಾನ್. 90 ನಿಮಿಷ ಗೋಲಿಲ್ಲ. ಎಕ್ಸ್‌ಟ್ರಾ ಟೈಮಿನಲ್ಲಿ ಕಣ್ಣೂರಿನ ಸಿ. ಕೆ. ವಿನೀತ್ ಎರಡು ಗೋಲು ಹೊಡೆದು 87ನೇ ನಿಮಿಷದ ಲೆಕ್ಕ ಚುಕ್ತಾ ಮಾಡಿದರು.

ಮಾರ್ಚ್ 17, ಎರಡು ಸಲ

2017ರಲ್ಲಿ ಬೆಂಗಳೂರು ಐ-ಲೀಗ್ ಬಿಟ್ಟು ಇಂಡಿಯನ್ ಸೂಪರ್ ಲೀಗಿಗೆ ಬಂತು. ಗೋಲ್‌ಕೀಪರ್ ಗುರುಪ್ರೀತ್ ಸಿಂಗ್ ಸಂಧು, ವೆನೆಜುವೆಲಾದ ಸ್ಟ್ರೈಕರ್ ಮಿಕು, ಸ್ಪೇನಿನ ಡಿಮಾಸ್ ಡೆಲ್ಗಾಡೊ, ಆಸ್ಟ್ರೇಲಿಯಾದ ಎರಿಕ್ ಪಾರ್ತಲು ಸೇರಿಕೊಂಡರು. ಮೊದಲ ಸೀಸನ್ನಿನಲ್ಲೇ 18 ಮ್ಯಾಚಿನಲ್ಲಿ 40 ಪಾಯಿಂಟ್, ಎರಡನೇ ಸ್ಥಾನದ ತಂಡಕ್ಕಿಂತ 8 ಜಾಸ್ತಿ. ಐ-ಲೀಗ್ ನಿಯಮ ಆಗಿದ್ರೆ ಅಲ್ಲಿಗೇ ಚಾಂಪಿಯನ್. ಆದರೆ ಇಲ್ಲಿ ಪ್ಲೇಆಫ್ ಇದೆ, ಫೈನಲ್ ಇದೆ.

2018ರ ಮಾರ್ಚ್ 17. ಫೈನಲ್ ನಮ್ಮ ಕಂಠೀರವದಲ್ಲೇ, ಎದುರಾಳಿ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೇ ಚೆಟ್ರಿ ಗೋಲು. ಸ್ಟೇಡಿಯಂ ಹುಚ್ಚೆದ್ದಿತ್ತು. ಆಮೇಲೆ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆಯಿಂದ ಒಂದು ಗೋಲು ಹೊಡೆದರು, ಹಾಫ್‌ಟೈಮಿಗೆ ಮುಂಚೆ ತಲೆಯಿಂದಲೇ ಇನ್ನೊಂದು. ಎರಡೂ ಕಾರ್ನರ್‌ನಿಂದ. ಕೊನೆಗೆ 2-3. ಇಡೀ ಸೀಸನ್ ಮೇಲಿದ್ದ ತಂಡ ತನ್ನ ಮನೆಯಲ್ಲೇ, ಕಾರ್ನರ್ ಕಾಯೋಕಾಗದೆ ಸೋತಿತು.

ತಿಂಗಳು ಕಳೆದಿತ್ತಷ್ಟೆ, ಏಪ್ರಿಲ್ 20ಕ್ಕೆ ಭುವನೇಶ್ವರದಲ್ಲಿ ಸೂಪರ್ ಕಪ್ ಫೈನಲ್. ಈಸ್ಟ್ ಬೆಂಗಾಲ್ ಮೊದಲು ಗೋಲು ಹೊಡೆದರೂ ಬೆಂಗಳೂರು 4-1ರಿಂದ ಗೆದ್ದಿತು. ಐದನೇ ಕಪ್. ರೋಕಾ ಸ್ಪೇನಿಗೆ ವಾಪಸ್ ಹೋದರು. ಅವರ ಜಾಗಕ್ಕೆ ಹೊರಗಿನಿಂದ ಯಾರನ್ನೂ ತರಲಿಲ್ಲ, ಎರಡು ವರ್ಷ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಕೋಚ್ ಆದರು. ಯಾವ ಸೋಲು ಎಲ್ಲಿ ಆಯ್ತು ಅಂತ ಕಣ್ಣಾರೆ ನೋಡಿದ್ದವರು.

ಮತ್ತೆ ಟೇಬಲ್‌ನಲ್ಲಿ ಮೊದಲ ಸ್ಥಾನ. ಮತ್ತೆ ಫೈನಲ್. ದಿನ ನೋಡಿ: 2019ರ ಮಾರ್ಚ್ 17. ಕರೆಕ್ಟಾಗಿ ಒಂದು ವರ್ಷ. ಮುಂಬೈನಲ್ಲಿ ಎಫ್‌ಸಿ ಗೋವಾ ಎದುರಾಳಿ. 90 ನಿಮಿಷ 0-0. ಎಕ್ಸ್‌ಟ್ರಾ ಟೈಮಿನಲ್ಲಿ ಗೋವಾದ ಒಬ್ಬ ಆಟಗಾರ ಕೆಂಪು ಕಾರ್ಡ್ ಪಡೆದು ಹೊರಗೆ ಹೋದರು. 117ನೇ ನಿಮಿಷ, ಇನ್ನೇನು ಪೆನಾಲ್ಟಿ ಶೂಟೌಟ್ ಅನ್ನುವಾಗ ಬೆಂಗಳೂರಿಗೆ ಕಾರ್ನರ್ ಸಿಕ್ಕಿತು. ಡಿಮಾಸ್ ಹಾಕಿದರು, ಡಿಫೆಂಡರ್ ರಾಹುಲ್ ಭೇಕೆ ತಲೆ ಕೊಟ್ಟರು. 1-0. ಲೀಗ್ ಟೇಬಲ್‌ನಲ್ಲಿ ಮೊದಲು ಬಂದು ಫೈನಲ್ಲನ್ನೂ ಗೆದ್ದ ಮೊದಲ ಐಎಸ್‌ಎಲ್ ತಂಡ ಬೆಂಗಳೂರು.

2015ರಲ್ಲಿ ಕಾರ್ನರ್‌ನಿಂದ ಲೀಗ್ ಹೋಯ್ತು. 2018ರಲ್ಲಿ ಕಾರ್ನರ್‌ನಿಂದ ಫೈನಲ್ ಹೋಯ್ತು. 2019ರಲ್ಲಿ ಕಾರ್ನರ್‌ನಿಂದಲೇ ಕಪ್ ಬಂತು. ಅದೃಷ್ಟವೂ ಸ್ವಲ್ಪ ಇದ್ದಿರಬಹುದು. ಆದರೆ 116 ನಿಮಿಷ ಓಡಿ ಸುಸ್ತಾದ ಕಾಲುಗಳು 117ನೇ ನಿಮಿಷದಲ್ಲಿ ಸರಿಯಾದ ಜಾಗಕ್ಕೆ ಹೋಗಬೇಕಂದ್ರೆ, ಅದು ಎಷ್ಟೋ ಬೆಳಗ್ಗೆಗಳ ಪ್ರ್ಯಾಕ್ಟೀಸಿಂದ ಬಂದಿರಬೇಕು.

ಯಾಕೆ ಗೆಲ್ತಿದ್ರು?

ನಾವು ಮೂರು ಕಾರಣ ಕೊಡ್ತೀವಿ.

ಒಂದು, ಬೆನ್ನೆಲುಬು ಬದಲಾಗಲಿಲ್ಲ. ಆರು ವರ್ಷದಲ್ಲಿ ಮೂರು ಕೋಚ್, ಆದರೆ ಆರೂ ಕಪ್ಪಿನಲ್ಲಿ ನಾಯಕ ಚೆಟ್ರಿಯೇ. ಮೊದಲ ಐದು ಕಪ್‌ಗಳಲ್ಲಿ ಜಾನ್ಸನ್ ಇದ್ದರು. 2014ರಲ್ಲಿ ಹುಡುಗನಾಗಿ ಬಂದ ಮಣಿಪುರದ ಉದಾಂತ ಸಿಂಗ್ 2019ರ ಫೈನಲ್ ಹೊತ್ತಿಗೆ ಭಾರತ ತಂಡದ ವಿಂಗರ್ ಆಗಿದ್ದರು. ಪ್ರಾಜೆಕ್ಟ್ ಟೀಮಿನಲ್ಲಿ ಪ್ರತಿ ಸೆಮ್ ಹೊಸಬರೇ ಬಂದ್ರೆ ಏನಾಗುತ್ತೆ ಅಂತ ನಮಗೆ ಗೊತ್ತಲ್ಲ. ಹಿಂದಿನ ವರ್ಷ ಎಲ್ಲಿ ಎಡವಿದ್ವಿ ಅಂತ ನೆನಪಿಟ್ಟುಕೊಂಡವರು ಕೋಣೆಯಲ್ಲಿ ಇರಬೇಕು.

ಎರಡು, ಕೋಚ್ ಬದಲಾದರೂ ಕೆಲಸದ ರೀತಿ ಬದಲಾಗಲಿಲ್ಲ. ಫಿಟ್‌ನೆಸ್, ವಿಡಿಯೋ, ಕಾರ್ನರ್ ಅಭ್ಯಾಸ. ಫ್ಯಾಕ್ಟರಿಗಳಲ್ಲಿ ಶಿಫ್ಟ್ ಬದಲಾದ್ರೂ ಲೈನ್ ನಿಲ್ಲದ ಹಾಗೆ.

ಮೂರು, ಜನ. ಅಶೋಕನಗರದ ಹಳೇ ಸ್ಟೇಡಿಯಂನ ವೆಸ್ಟ್ ಬ್ಲಾಕ್ ಅನ್ನೋ ಸ್ಟ್ಯಾಂಡಿನಲ್ಲಿ ನಿಂತು ಹಾಡ್ತಿದ್ದ ಅಭಿಮಾನಿಗಳು "ವೆಸ್ಟ್ ಬ್ಲಾಕ್ ಬ್ಲೂಸ್" ಅಂತ ಹೆಸರಿಟ್ಟುಕೊಂಡರು. ತಂಡ ಕಂಠೀರವಕ್ಕೆ ಬಂದಾಗ ಅವರೂ ಬಂದರು, ಹೆಸರನ್ನೂ ತಂದರು. ಕಂಠೀರವದಲ್ಲಿ ಮೈದಾನಕ್ಕೂ ಸ್ಟ್ಯಾಂಡಿಗೂ ಮಧ್ಯೆ ಅಥ್ಲೆಟಿಕ್ ಟ್ರ್ಯಾಕ್ ಇದೆ, ಆಟ ದೂರ ಕಾಣುತ್ತೆ. ಆ ದೂರವನ್ನು ಕೂಗಿ ಕೂಗಿ ಮುಚ್ಚಿದವರು ಇವರು. 90 ನಿಮಿಷ ಕೂರೋದಿಲ್ಲ, ಸುಮ್ಮನಿರೋದಿಲ್ಲ.

ನಮ್ಮ ಟೀಮು ಅಂದ್ರೆ ಯಾರ ಟೀಮು?

ಕನ್ನಡ ಸಂಘದ ಪತ್ರಿಕೆಯಲ್ಲಿ ಬರೀತಿದ್ದೀವಿ, ಈ ಪ್ರಶ್ನೆ ಬಂದೇ ಬರುತ್ತೆ. ಈ ತಂಡದಲ್ಲಿ ಕನ್ನಡದ ಹುಡುಗರು ಎಷ್ಟು ಜನ? ಕಮ್ಮಿ. ಶಂಕರ್ ಅವರಂಥ ಒಬ್ಬಿಬ್ಬರು. ಉಳಿದವರು ಮಣಿಪುರ, ಮಿಜೋರಾಂ, ಕೇರಳ, ಪಂಜಾಬ್, ಸ್ಪೇನ್. ಫ್ಯಾಕ್ಟರಿ ಟೀಮುಗಳ ಕಾಲದಲ್ಲಿ ಆಡೋ ಹುಡುಗ ಪಕ್ಕದ ಬೀದಿಯವನಾಗಿರ್ತಿದ್ದ, ಹಲಸೂರಿನವನೋ ಆಸ್ಟಿನ್ ಟೌನಿನವನೋ. ಅದು ಹೋಗಿದ್ದಕ್ಕೆ ಬೇಜಾರು ಪಡೋರ ಮಾತಲ್ಲಿ ನ್ಯಾಯ ಇದೆ.

ಆದರೆ ನಮ್ಮ ಹಾಸ್ಟೆಲ್ ಮೆಸ್ಸಿನ ಕ್ಯೂ ನೋಡಿ. ವೈಟ್‌ಫೀಲ್ಡಿನ ಟೆಕ್ ಪಾರ್ಕ್ ನೋಡಿ, ಪೀಣ್ಯದ ಶೆಡ್ಡುಗಳಲ್ಲಿ ಲೇತ್ ಓಡಿಸೋರನ್ನ, ಎಲೆಕ್ಟ್ರಾನಿಕ್ ಸಿಟಿಯ ಬಸ್ ಸ್ಟಾಪನ್ನ ನೋಡಿ. ಬೀದರಿನಿಂದ, ಹಾಸನದಿಂದ, ಇಂಫಾಲದಿಂದ, ತ್ರಿಶೂರಿನಿಂದ ಬಂದು ಇಲ್ಲೇ ಬೇರು ಬಿಡ್ತಾ ಇರೋರು. ಸಿಕಂದರಾಬಾದಿನಲ್ಲಿ ಹುಟ್ಟಿದ ಚೆಟ್ರಿ ಹತ್ತು ವರ್ಷಕ್ಕಿಂತ ಜಾಸ್ತಿ ಇದೇ ಊರಿನ ನೀಲಿ ಅಂಗಿ ಹಾಕಿದಾರೆ. ಹೊರಗಿನಿಂದ ಬಂದವರು ಊರಿಗಾಗಿ ಬೆವರು ಸುರಿಸಿದ್ರೆ ಊರಿನವರೇ ಆಗ್ತಾರೆ ಅಂತ ನಾವು ಒಪ್ಪೋದಾದ್ರೆ, ಈ ತಂಡ ನಮ್ಮದೇ. ಅದರ ಜೊತೆಗೇ ಸ್ಥಳೀಯ ಹುಡುಗರಿಗೆ ದಾರಿಯೂ ಬೇಕು. ಬಳ್ಳಾರಿ ಕಡೆಯ ವಿಜಯನಗರದಲ್ಲಿ ಕ್ಲಬ್ಬಿನ ವಸತಿ ಅಕಾಡೆಮಿ ಇದೆ. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷದ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಅಂದ್ರೆ ಹುಡುಗರಿದ್ದಾರೆ.

ಮುಗಿದಿದ್ದು ಹೇಗೆ

2020ರ ಮಾರ್ಚ್‌ನಲ್ಲಿ ಸೆಮಿಫೈನಲ್‌ನಲ್ಲಿ ಎಟಿಕೆ ವಿರುದ್ಧ ಸೋತರು. ಆ ವರ್ಷ ಕಪ್ ಇಲ್ಲ, ಸರಪಳಿ ಕಡೀತು. ಮಿಕು ಮುಂಚೆಯೇ ಹೋಗಿದ್ದರು, ಮುಂದಿನ ಒಂದೆರಡು ವರ್ಷದಲ್ಲಿ ಹುವಾನನ್, ಡಿಮಾಸ್, ಪಾರ್ತಲು, ಭೇಕೆ ಒಬ್ಬೊಬ್ಬರಾಗಿ ಹೋದರು. 2021ರ ಜನವರಿಯಲ್ಲಿ ಕ್ವಾಡ್ರಾಟ್ ಹೋದರು, ಆ ಸೀಸನ್ನಿನಲ್ಲಿ ತಂಡ ಏಳನೇ ಸ್ಥಾನಕ್ಕೆ ಇಳೀತು. ನೆನಪಿಟ್ಟುಕೊಂಡಿದ್ದವರು ಹೋದಾಗ ನೆನಪೂ ಹೋಯ್ತು ಅನ್ನಬಹುದು. 2022ರ ಸೆಪ್ಟೆಂಬರ್‌ನಲ್ಲಿ ಡ್ಯುರಾಂಡ್ ಕಪ್ ಗೆದ್ದರು. 2023 ಮತ್ತು 2025ರಲ್ಲಿ ಐಎಸ್‌ಎಲ್ ಫೈನಲ್ ತಲುಪಿದರು, ಎರಡು ಸಲವೂ ಸೋತರು. ಎರಡೂ ಸಲ ಎದುರಾಳಿ, ಊಹಿಸಿ, ಮೋಹನ್ ಬಾಗಾನ್.

ಈಗ ಫ್ಯಾಕ್ಟರಿಯ ಮಾತಿಗೆ ವಾಪಸ್ ಬರೋಣ. 2025ರ ಜುಲೈನಲ್ಲಿ ಒಪ್ಪಂದದ ತಕರಾರಿನಿಂದ ಐಎಸ್‌ಎಲ್ಲನ್ನೇ ತಡೆಹಿಡಿದರು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ನಿಲ್ಲಿಸ್ತಿರೋದಾಗಿ ಪ್ರಕಟಿಸಿತು. ಲೀಗೇ ಇಲ್ಲ ಅಂದ್ರೆ ಆದಾಯ ಎಲ್ಲಿಂದ ಅನ್ನೋದು ಕ್ಲಬ್ಬಿನ ಕಷ್ಟ. ಆದರೆ ಆಟಗಾರನಿಗೆ? ಐಟಿಐ ಕಾಲದ ಸೆಂಟರ್ ಫಾರ್ವರ್ಡ್‌ಗೆ ಲೀಗ್ ನಿಂತರೂ ಸೋಮವಾರ ಬೆಳಗ್ಗೆ ಫ್ಯಾಕ್ಟರಿ ಸೈರನ್ ಕೂಗ್ತಿತ್ತು. ಇವತ್ತಿನ ಆಟಗಾರನಿಗೆ ಸಂಬಳ ಜಾಸ್ತಿ, ಜಿಮ್ ಚೆನ್ನಾಗಿದೆ, ಫಿಸಿಯೋ ಇದ್ದಾರೆ, ಆದರೆ ಕೆಳಗೆ ಹಿಡಿಯೋ ಬಲೆ ಇಲ್ಲ. ಎರಡು ವರ್ಷದಲ್ಲಿ ಪ್ಲೇಸ್‌ಮೆಂಟಿಗೆ ಕೂರೋ ನಮಗೆ ಇದು ಬರೀ ಕ್ರೀಡಾ ಸುದ್ದಿ ಅನ್ನಿಸಲಿಲ್ಲ. ಸುವರ್ಣಯುಗ ಕಟ್ಟೋಕೆ ಆರು ವರ್ಷ ಅದೇ ಜನ ಒಟ್ಟಿಗಿರಬೇಕು. ಮುಂದಿನ ತಿಂಗಳು ಏನು ಅಂತ ಗೊತ್ತಿಲ್ಲದವರನ್ನ ಆರು ವರ್ಷ ಒಟ್ಟಿಗಿಡೋದು ಹೇಗೆ? ಇನ್ನೊಂದು ಸುವರ್ಣಯುಗ ಬೇಕು ಅನ್ನೋರು ಮೊದಲು ಉತ್ತರ ಹುಡುಕಬೇಕಾದ ಪ್ರಶ್ನೆ ಇದೇ.

ನೋಡೋಕೆ ಹೋಗೋದಾದ್ರೆ

ನಮ್ಮ ಕೈಲಿ ಆಗೋದು ಒಂದಿದೆ, ಹೋಗಿ ನೋಡೋದು. ಟಿಕೆಟ್ ತಗೊಂಡು ಸ್ಟೇಡಿಯಂಗೆ ಬರೋ ಜನ ಇದ್ರೆ ಕ್ಲಬ್ಬಿಗೂ ಧೈರ್ಯ. ವೈಟ್‌ಫೀಲ್ಡ್ ಕಡೆಯವರಿಗೆ ನೇರಳೆ ಮೆಟ್ರೋ ಇದೆ, ಹತ್ತಿ ಕಬ್ಬನ್ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದ್ರೆ ಆಯ್ತು. ಪೀಣ್ಯದವರು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ಗೆ ಬಂದು ಬದಲಾಯಿಸಿ. ಎಲೆಕ್ಟ್ರಾನಿಕ್ ಸಿಟಿಯವರಿಗೆ 2025ರ ಆಗಸ್ಟ್‌ನಿಂದ ಹಳದಿ ಮಾರ್ಗ ಬಂದಿದೆ, ಆರ್.ವಿ. ರೋಡಲ್ಲಿ ಒಂದು ಸಲ, ಮೆಜೆಸ್ಟಿಕ್‌ನಲ್ಲಿ ಒಂದು ಸಲ ಬದಲಾಯಿಸಬೇಕು. ಮಾರನೇ ದಿನ ಲ್ಯಾಬ್ ರೆಕಾರ್ಡ್ ಸಬ್ಮಿಷನ್ ಇದ್ರೆ ಮೆಟ್ರೋದಲ್ಲೇ ಕೂತು ಬರೀಬಹುದು.

ವೆಸ್ಟ್ ಬ್ಲಾಕ್ ಬ್ಲೂಸ್ ಇರೋ ಕಡೆ ಜಾಗ ಹಿಡೀರಿ. ಹಾಡು ಬರದಿದ್ರೂ ಪರವಾಗಿಲ್ಲ, ಎರಡು ಮ್ಯಾಚಿನಲ್ಲಿ ಬರುತ್ತೆ. ಮತ್ತೆ ಒಂದು ವಿಷಯ: ನಮಗೆ ಕಾರ್ನರ್ ಸಿಕ್ಕಾಗ ಮೂಲೆಯಲ್ಲಿರೋ ಚೆಂಡನ್ನ ನೋಡಬೇಡಿ. ಗೋಲಿನ ಮುಂದೆ ಯಾರು ಯಾರನ್ನ ತಡೀತಿದ್ದಾರೆ, ಯಾರು ಹಿಂದಿನಿಂದ ಓಡಿ ಬರ್ತಿದ್ದಾರೆ ಅಂತ ನೋಡಿ. ಆ ಮೂರು ಸೆಕೆಂಡಿನಲ್ಲಿ ಅವರ ವಾರವಿಡೀ ಕೆಲಸ ಕಾಣುತ್ತೆ.